ಕಾಸರಗೋಡಿನಿಂದ ಇಟಿಎಫ್ ಕೊಳ್ಳುವವರಿಗೆ: ನಿಫ್ಟಿ, ಚಿನ್ನ, ನಾಸ್ಡಾಕ್ ಯಾವುದು ಹೇಗೆ?

ಇಟಿಎಫ್ ಅಂದರೆ ಒಂದು ಇಂಡೆಕ್ಸಿನ (50 ದೊಡ್ಡ ಕಂಪನಿಗಳ ನಿಫ್ಟಿಯಂಥ ಶೇರು ಸೂಚ್ಯಂಕದ) ಶೇರುಗಳನ್ನೋ ಚಿನ್ನವನ್ನೋ ಬುಟ್ಟಿಯಲ್ಲಿಟ್ಟು, ಅದರ ಯೂನಿಟ್ಟುಗಳನ್ನು ಶೇರಿನ ಹಾಗೆ ಎಕ್ಸ್‌ಚೇಂಜಿನಲ್ಲಿ (ಶೇರುಪೇಟೆಯಲ್ಲಿ) ಕೊಂಡು ಮಾರುವ ಫಂಡ್. ಮೊದಲೇ ತೀರ್ಪು ಹೇಳಿಬಿಡೋಣ. ತಿಂಗಳಿಗೆ ಎರಡು ಮೂರು ಸಾವಿರ ಕಟ್ಟುವವರು, ಶೇರು, ಯೂನಿಟ್ ಇಡುವ ಡಿಮ್ಯಾಟ್ ಖಾತೆಯ ಗೊಡವೆಯೇ ಬೇಡ ಅನ್ನುವವರು ಇಟಿಎಫ್ ಬಿಟ್ಟು ಅದೇ ಇಂಡೆಕ್ಸಿನ ಸಾಧಾರಣ ಮ್ಯೂಚುವಲ್ ಫಂಡಾದ ಇಂಡೆಕ್ಸ್ ಫಂಡ್ ಹಿಡಿಯುವುದೇ ಒಳ್ಳೆಯದು. ಅಡಿಕೆ ಕೊಟ್ಟ ಹಣ, ಚಿಟ್ಟಿಯ ಹಣ, ಗಲ್ಫಿನಿಂದ ಬಂದ ಹಣ ಎಂದು ವರ್ಷಕ್ಕೆ ನಾಲ್ಕಾರು ಸಲ ಐವತ್ತು ಸಾವಿರವೋ ಒಂದು ಲಕ್ಷವೋ ಒಟ್ಟಿಗೆ ಕೈಗೆ ಬರುವ ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆಯ ಮನೆಗಳಿಗೆ ಇಟಿಎಫ್ ಚೆನ್ನಾಗಿ ಹೊಂದುತ್ತದೆ. ಆದರೆ ಎಕ್ಸ್‌ಪೆನ್ಸ್ ರೇಶಿಯೊ (ಫಂಡ್ ಕಂಪನಿ ವರ್ಷಕ್ಕೆ ಹಿಡಿಯುವ ವೆಚ್ಚ) ಅನ್ನುವ ಒಂದೇ ಅಂಕಿ ಹಿಡಿದುಕೊಂಡು ಆರಿಸಿದರೆ ತಪ್ಪು ಫಂಡ್ ಕೈಗೆ ಬರುತ್ತದೆ. ಕೈಯಿಂದ ಹೋಗುವ ಹಣದ ದೊಡ್ಡ ಪಾಲು ಬೇರೆ ಕಡೆ ಇದೆ: ಕೊಳ್ಳುವ ಹೊತ್ತಿನ ಸ್ಪ್ರೆಡ್ಡಿನಲ್ಲಿ (ಕೊಳ್ಳುವವರ, ಮಾರುವವರ ಬೆಲೆಗಳ ಅಂತರದಲ್ಲಿ), ಐ-ಎನ್‌ಎವಿಗಿಂತ (ಯೂನಿಟ್ಟಿನೊಳಗಿನ ಸರಕಿನ ಆ ಕ್ಷಣದ ಬೆಲೆಗಿಂತ) ಹೆಚ್ಚು ತೆತ್ತ ಪ್ರೀಮಿಯಮ್ಮಿನಲ್ಲಿ, ಮಾರುವ ದಿನ ಡಿಮ್ಯಾಟ್ ಖಾತೆಗೆ ಬೀಳುವ ಡಿಪಿ ಚಾರ್ಜಿನಲ್ಲಿ.

ಇದು ಯಾಕೆ ಹೀಗೆ ಅಂದರೆ, ಮ್ಯೂಚುವಲ್ ಫಂಡಿನ ಹಾಗೆ ಇಲ್ಲಿ ನಾವು ಫಂಡ್ ಕಂಪನಿಯಿಂದ ಕೊಳ್ಳುವುದಿಲ್ಲ. 2023ರ ಮೇ ತಿಂಗಳಿನಿಂದ 25 ಕೋಟಿ ರೂಪಾಯಿಗಿಂತ ಮೇಲಿನ ವ್ಯವಹಾರಕ್ಕೆ ಮಾತ್ರ ಫಂಡ್ ಕಂಪನಿಯ ಬಾಗಿಲು ನೇರವಾಗಿ ತೆರೆದಿರುತ್ತದೆ. ಉಳಿದವರೆಲ್ಲ ಎಕ್ಸ್‌ಚೇಂಜಿನಲ್ಲಿ ಇನ್ನೊಬ್ಬ ಮಾರುವವನಿಂದಲೇ ಕೊಳ್ಳಬೇಕು. ಆ ಇನ್ನೊಬ್ಬ ಹೆಚ್ಚಿನ ಸಲ ಮಾರ್ಕೆಟ್ ಮೇಕರ್, ಅಂದರೆ ಕೊಳ್ಳುವ ಮಾರುವ ಎರಡೂ ಬೆಲೆ ಹಿಡಿದು ಕೂರಲು ನೇಮಕವಾದವ; ಫಂಡ್ ಕಂಪನಿಯಿಂದ ಹೊಸ ಯೂನಿಟ್ ಮಾಡಿಸುವವನೂ ಅವನೇ. ಪ್ರತಿ ಇಟಿಎಫ್‌ಗೆ ಕನಿಷ್ಠ ಇಬ್ಬರು ಮಾರ್ಕೆಟ್ ಮೇಕರ್‌ಗಳು ಇರಬೇಕೆಂದು ಶೇರುಪೇಟೆಯ ನಿಯಂತ್ರಕ ಸೆಬಿ ಹೇಳಿದೆ. ಇಬ್ಬರು ಇದ್ದಾರೆ ಎಂದಮಾತ್ರಕ್ಕೆ ಇಬ್ಬರೂ ದಿನವಿಡೀ ಒಳ್ಳೆಯ ಬೆಲೆ ಹಿಡಿದು ಕೂತಿರುತ್ತಾರೆ ಎಂದಲ್ಲ.

ಹಾಗಾದರೆ ಅಳೆಯುವುದು ಹೇಗೆ? ಮೊದಲು ಟ್ರ್ಯಾಕಿಂಗ್ ಡಿಫರೆನ್ಸ್. ಇಂಡೆಕ್ಸ್ ಎಷ್ಟು ಕೊಟ್ಟಿತು, ಫಂಡ್ ಎಷ್ಟು ಕೊಟ್ಟಿತು, ನಡುವಿನ ವ್ಯತ್ಯಾಸ ಎಷ್ಟು ಎಂಬುದೇ ಇದು. ಒಂದು, ಮೂರು, ಐದು, ಹತ್ತು ವರ್ಷದ ಲೆಕ್ಕವನ್ನು ಪ್ರತಿ ಫಂಡ್ ಕಂಪನಿಯೂ ತಿಂಗಳಿಗೊಮ್ಮೆ ಪ್ರಕಟಿಸಬೇಕು. ಫಂಡ್ ಕಂಪನಿಗಳ ಸಂಘವಾದ ಆಂಫಿಯ ಜಾಲತಾಣದಲ್ಲೂ ಸಿಗುತ್ತದೆ. ಒಂದು ವರ್ಷದ್ದನ್ನು ನಂಬಬೇಡಿ, ಮೂರು ಮತ್ತು ಐದು ವರ್ಷದ್ದನ್ನು ನೋಡಿ. ಹೋಲಿಕೆ ಯಾವಾಗಲೂ ಟಿಆರ್‌ಐ ಎಂಬ ಟೋಟಲ್ ರಿಟರ್ನ್ ಇಂಡೆಕ್ಸಿನ ಜೊತೆ ಇರಬೇಕು; ಕಂಪನಿಗಳು ಕೊಡುವ ಡಿವಿಡೆಂಡ್, ಅಂದರೆ ಲಾಭಾಂಶ, ಅದರಲ್ಲಿ ಸೇರಿರುತ್ತದೆ. ಟಿವಿಯ ಅಡಿಯಲ್ಲಿ ಓಡುವ ನಿಫ್ಟಿಯಲ್ಲಿ ಡಿವಿಡೆಂಡ್ ಸೇರಿರುವುದಿಲ್ಲ. ಅದು ವರ್ಷಕ್ಕೆ ಶೇ. 1ರಿಂದ ಒಂದೂವರೆಯ ಆಸುಪಾಸಿನ ಬಾಬ್ತು. ಟಿವಿಯ ನಿಫ್ಟಿಗೆ ಹೋಲಿಸಿದರೆ ಎಂಥ ಸೋಮಾರಿ ಫಂಡೂ ಜಾಣನಂತೆ ಕಾಣುತ್ತದೆ.

ಶೇ. 0.04 ವೆಚ್ಚದ ಫಂಡ್ ಇಂಡೆಕ್ಸಿಗಿಂತ ಶೇ. 0.10 ಹಿಂದೆ ಉಳಿದಿದ್ದರೆ ಮಿಕ್ಕ 0.06 ಎಲ್ಲಿ ಹೋಯಿತು? ಡಿವಿಡೆಂಡ್ ಬಂದ ಮೇಲೆ ಅದನ್ನು ಮತ್ತೆ ಶೇರಿಗೆ ಹಾಕಲು ತಡವಾದದ್ದು, ಕೈಯಲ್ಲಿ ಸ್ವಲ್ಪ ನಗದು ಉಳಿದದ್ದು, ಇಂಡೆಕ್ಸಿನಲ್ಲಿ ಕಂಪನಿಗಳ ಅದಲುಬದಲು ಆದಾಗ ಕೊಂಡು ಮಾರಿದ ಖರ್ಚು. ನಿಫ್ಟಿಯಲ್ಲಿ ಈ ಅದಲುಬದಲು ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಟ್ರ್ಯಾಕಿಂಗ್ ಎರರ್ ಎಂಬ ಇನ್ನೊಂದು ಅಂಕಿ ಇದೆ. ಇದು ದಿನದಿನದ ವ್ಯತ್ಯಾಸ ಎಷ್ಟು ಏರಿಳಿಯುತ್ತದೆ ಎಂದು ಹೇಳುತ್ತದೆಯೇ ಹೊರತು ನಿಮ್ಮ ಜೇಬಿನಿಂದ ಎಷ್ಟು ಹೋಯಿತು ಎಂದು ಹೇಳುವುದಿಲ್ಲ. ಶೇರು ಇಟಿಎಫ್‌ಗಳಿಗೆ ಅದರ ಮಿತಿ ಶೇ. 2. ಒಳ್ಳೆಯ ನಿಫ್ಟಿ ಇಟಿಎಫ್‌ಗಳು ಆ ಮಿತಿಯ ಹತ್ತಿರ ಸುಳಿಯುವುದೂ ಇಲ್ಲ. ಹಾಗಾಗಿ ಮಿತಿಯೊಳಗೆ ಇದೆ ಎಂಬ ಜಾಹೀರಾತಿಗೆ ಬೆಲೆ ಇಲ್ಲ.

ಎರಡನೆಯದು ಸ್ಪ್ರೆಡ್. ಇದರ ಬಗ್ಗೆ ಯಾರೂ ಹೇಳುವುದಿಲ್ಲ, ಹಣ ಹೋಗುವುದು ಇಲ್ಲೇ. ಬೈ ಒತ್ತುವ ಮೊದಲು ಆ್ಯಪಿನಲ್ಲಿ ಮಾರ್ಕೆಟ್ ಡೆಪ್ತ್ ತೆರೆಯಿರಿ. ಒಂದು ಬದಿಯಲ್ಲಿ ಕೊಳ್ಳುವವರ ಐದು ಬಿಡ್, ಇನ್ನೊಂದು ಬದಿಯಲ್ಲಿ ಮಾರುವವರ ಐದು ಆಫರ್ ಕಾಣುತ್ತವೆ. ಅಡಿಕೆ ಅಂಗಡಿಯಲ್ಲಿ ನಿಮ್ಮಿಂದ ತೆಗೆದುಕೊಳ್ಳುವ ರೇಟಿಗೂ ಅವರು ಮುಂದಕ್ಕೆ ಕೊಡುವ ರೇಟಿಗೂ ಇರುವ ಅಂತರದ ಹಾಗೆಯೇ ಇದು. ಇಲ್ಲಿ ಎರಡೂ ರೇಟು ಕಣ್ಣೆದುರಿಗೇ ಇರುತ್ತವೆ, ಅಷ್ಟೇ ವ್ಯತ್ಯಾಸ.

ಉದಾಹರಣೆಗೆ ಒಂದೇ ಇಂಡೆಕ್ಸಿನ ಎರಡು ಫಂಡ್ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಬಿಡ್ 280.10, ಆಫರ್ 280.15. ಅಂತರ ಐದು ಪೈಸೆ, ಶೇ. 0.02ಕ್ಕಿಂತ ಕಡಿಮೆ. ಎರಡನೆಯದರಲ್ಲಿ ಬಿಡ್ 278.00, ಆಫರ್ 281.50. ಅಂತರ ಮೂರೂವರೆ ರೂಪಾಯಿ, ಶೇ. 1.25. ಒಂದು ಲಕ್ಷಕ್ಕೆ ಕೊಂಡು ಆ ಕೂಡಲೇ ಮಾರಿದರೆ ಮೊದಲನೆಯದರಲ್ಲಿ 18 ರೂಪಾಯಿ ಹೋಗುತ್ತದೆ, ಎರಡನೆಯದರಲ್ಲಿ ಸುಮಾರು 1,250. ಎರಡನೆಯ ಫಂಡಿನ ವಾರ್ಷಿಕ ವೆಚ್ಚ ಶೇ. 0.02 ಕಡಿಮೆ ಇದೆ ಎಂದೇ ಇಟ್ಟುಕೊಳ್ಳೋಣ. ಕೊಳ್ಳುವಾಗಲೇ ಅರ್ಧ ಸ್ಪ್ರೆಡ್, ಅಂದರೆ ಶೇ. 0.62, ಕಳೆದುಹೋಗಿದೆ. ಆ ಉಳಿತಾಯದಿಂದ ಅದನ್ನು ತುಂಬಿಕೊಳ್ಳಲು 31 ವರ್ಷ ಬೇಕು.

ಡೆಪ್ತಿನಲ್ಲಿ ಬೆಲೆಯ ಪಕ್ಕದ ಸಂಖ್ಯೆಯನ್ನೂ ಓದಿ. 280ರ ಬೆಲೆಗೆ ಒಂದು ಲಕ್ಷಕ್ಕೆ 357 ಯೂನಿಟ್ ಬೇಕು. ಅತ್ಯುತ್ತಮ ಆಫರಿನಲ್ಲಿ 40 ಯೂನಿಟ್ ಮಾತ್ರ ಇದ್ದು ಮುಂದಿನದ್ದು 40 ಪೈಸೆ ಮೇಲೆ, ಅದರ ಮುಂದಿನದ್ದು ಒಂದು ರೂಪಾಯಿ ಮೇಲೆ ಇದ್ದರೆ, ಸಿಕ್ಕಿದ ಬೆಲೆಗೆ ಕೊಳ್ಳು ಎನ್ನುವ ಮಾರ್ಕೆಟ್ ಆರ್ಡರ್ ಆ ಮೆಟ್ಟಿಲನ್ನೆಲ್ಲ ಹತ್ತಿಕೊಂಡು ಹೋಗುತ್ತದೆ. ಆದ್ದರಿಂದ ಇಟಿಎಫ್‌ಗೆ ಮಾರ್ಕೆಟ್ ಆರ್ಡರ್ ಬೇಡವೇ ಬೇಡ. ಇಷ್ಟಕ್ಕಿಂತ ಮೇಲೆ ಬೇಡ ಎಂದು ಬೆಲೆ ಬರೆಯುವ ಲಿಮಿಟ್ ಆರ್ಡರಿನಲ್ಲಿ ಆಫರಿನ ಬೆಲೆಯನ್ನೋ ಅದಕ್ಕಿಂತ ಒಂದೆರಡು ಪೈಸೆ ಮೇಲಿನದ್ದನ್ನೋ ಹಾಕಿ. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೆ ಕೈಕೊಡುವ ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಆರ್ಡರ್ ಒಮ್ಮೆ ಎಕ್ಸ್‌ಚೇಂಜ್ ತಲುಪಿತೆಂದರೆ ಫೋನ್ ಸತ್ತರೂ ನೀವು ಬರೆದ ಬೆಲೆ ಮೀರಿ ಅದು ನಡೆಯುವುದಿಲ್ಲ. ನಡೆಯದೇ ಉಳಿದರೆ ಮೂರೂವರೆಗೆ ತಾನಾಗಿ ರದ್ದಾಗುತ್ತದೆ.

ಹೊತ್ತನ್ನೂ ನೋಡಬೇಕು. ಬೆಳಗ್ಗೆ 9.15ಕ್ಕೆ ಮಾರ್ಕೆಟ್ ತೆರೆದ ಮೊದಲ ಕಾಲು ಗಂಟೆ ಅರ್ಧ ಗಂಟೆ ಸ್ಪ್ರೆಡ್ ಅಗಲ ಇರುತ್ತದೆ. ಬುಟ್ಟಿಯೊಳಗಿನ ಶೇರುಗಳಿಗೇ ಬೆಲೆ ನೆಟ್ಟಗೆ ಕೂತಿರುವುದಿಲ್ಲ, ಮಾರ್ಕೆಟ್ ಮೇಕರ್ ಸುಮ್ಮನೆ ನಷ್ಟ ಮಾಡಿಕೊಳ್ಳುವುದಿಲ್ಲ. ಕೊನೆಯ ಕಾಲು ಗಂಟೆಯೂ ಹಾಗೆಯೇ. ಹತ್ತೂವರೆಯಿಂದ ಎರಡೂವರೆಯ ಒಳಗೆ ಕೆಲಸ ಮುಗಿಸಿ. ರಾತ್ರಿ ಹಾಕಿಡುವ ಎಎಂಒ ಆರ್ಡರ್, ಬ್ರೋಕರ್ ಆ್ಯಪಿನಲ್ಲಿ ಕಂತುಕಂತಾಗಿ ತಾನಾಗಿ ಕೊಳ್ಳುವ ಸ್ಟಾಕ್ ಎಸ್‌ಐಪಿ ಇವೆರಡೂ ಮಾರ್ಕೆಟ್ ಆರ್ಡರಾಗಿ ಬೆಳಗ್ಗೆಯೇ ಹೋಗುವಂತೆ ಇದ್ದರೆ ಸೆಟ್ಟಿಂಗ್ ಬದಲಿಸಿ. ಅನುಕೂಲ ಎಂದು ಮಾರುವ ಈ ಸೌಲಭ್ಯ ಕಡಿಮೆ ವಹಿವಾಟಿನ ಇಟಿಎಫ್‌ನಲ್ಲಿ ದುಬಾರಿ. ಎನ್‌ಎಸ್‌ಇ, ಬಿಎಸ್‌ಇ ಎಂಬ ಎರಡೂ ಎಕ್ಸ್‌ಚೇಂಜ್ ಕಂಡರೆ ಎನ್‌ಎಸ್‌ಇ ಆರಿಸಿ. ವಹಿವಾಟು ಹೆಚ್ಚು ಇರುವುದು ಅಲ್ಲಿ.

ಮೂರನೆಯದು ಐ-ಎನ್‌ಎವಿ, ಅಂದರೆ ಈ ಕ್ಷಣಕ್ಕೆ ಬುಟ್ಟಿಯೊಳಗಿನ ಸರಕಿನ ಬೆಲೆ. ಶೇರು ಇಟಿಎಫ್‌ಗಳಿಗೆ ಇದು 15 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಫಂಡ್ ಕಂಪನಿಯ ಜಾಲತಾಣದಲ್ಲೂ ಎನ್‌ಎಸ್‌ಇ ಜಾಲತಾಣದಲ್ಲೂ ಸಿಗುತ್ತದೆ. ಆ್ಯಪಿನಲ್ಲಿ ಕಾಣುವ, ದಿನದ ಕೊನೆಗೆ ಲೆಕ್ಕ ಹಾಕಿದ ನಿನ್ನೆಯ ಎನ್‌ಎವಿ ಜೊತೆ ಇಂದಿನ ಬೆಲೆಯನ್ನು ಹೋಲಿಸುವವರೇ ಹೆಚ್ಚು. ಅದರಿಂದ ಏನೂ ತಿಳಿಯುವುದಿಲ್ಲ. ನಿಫ್ಟಿ ಇಟಿಎಫ್‌ನಲ್ಲಿ ಐ-ಎನ್‌ಎವಿಗೂ ಬೆಲೆಗೂ ಶೇ. 0.1ರೊಳಗಿನ ಅಂತರ ಇದ್ದರೆ ಕೊಳ್ಳಬಹುದು. ಅರ್ಧ ಶೇಕಡಾ ದಾಟಿದ್ದರೆ ಆ ಫಂಡ್ ಬಿಟ್ಟು ಅದೇ ಇಂಡೆಕ್ಸಿನ ಇನ್ನೊಂದು ಫಂಡಿಗೆ ಹೋಗಿ.

ನಿಫ್ಟಿ 50

ನಿಪ್ಪಾನ್ ಇಂಡಿಯಾದ ನಿಫ್ಟಿ ಬೀಸ್ ಈ ದೇಶದ ಮೊದಲ ಇಟಿಎಫ್. 2001ರ ಡಿಸೆಂಬರಿನಲ್ಲಿ ಬೆಂಚ್‌ಮಾರ್ಕ್ ಮ್ಯೂಚುವಲ್ ಫಂಡ್ ತಂದದ್ದು. ಅದು ಗೋಲ್ಡ್‌ಮನ್ ಸ್ಯಾಕ್ಸ್ ಕೈಗೆ, ಅಲ್ಲಿಂದ ರಿಲಯನ್ಸ್ ಮ್ಯೂಚುವಲ್ ಫಂಡಿಗೆ ಹೋಗಿ 2019ರಲ್ಲಿ ನಿಪ್ಪಾನ್ ಹೆಸರಿಗೆ ಬಂತು. ಒಡೆಯರು ಇಷ್ಟು ಬದಲಾದರೂ ಎಕ್ಸ್‌ಚೇಂಜಿನ ವಹಿವಾಟು ಅದರಲ್ಲೇ ಉಳಿದಿದೆ. ಸಣ್ಣ ಹೂಡಿಕೆದಾರನಿಗೆ ಈ ಕಾರಣವೇ ಸಾಕು. ಬಿಡ್ಡಿಗೂ ಆಫರಿಗೂ ಹೆಚ್ಚಿನ ದಿನ ಪೈಸೆಗಳ ಅಂತರ ಮಾತ್ರ. ಲಕ್ಷ ರೂಪಾಯಿಯ ಆರ್ಡರ್ ಬೆಲೆಯನ್ನು ಅಲುಗಿಸದೆ ನಡೆದುಹೋಗುತ್ತದೆ.

ಇದರ ಬೆಲೆ ನಿಫ್ಟಿಯ ನೂರನೆಯ ಒಂದು ಪಾಲು ಎಂದು ಲೆಕ್ಕ ಹಾಕಿ, 25,000ದ ನಿಫ್ಟಿಗೆ 250 ಇರಬೇಕಲ್ಲ, ಹೆಚ್ಚು ಯಾಕಿದೆ ಎಂದು ಕೇಳುವವರಿದ್ದಾರೆ. ಅದು ಪ್ರೀಮಿಯಮ್ ಅಲ್ಲ. ಕಂಪನಿಗಳು ಕೊಟ್ಟ ಡಿವಿಡೆಂಡ್ ಹೊರಗೆ ಹಂಚದೆ ಒಳಗೇ ಸೇರುತ್ತಾ ಬಂದದ್ದರಿಂದ ಯೂನಿಟ್ಟಿನ ಬೆಲೆ ನೂರನೆಯ ಒಂದಕ್ಕಿಂತ ಮೇಲೆ ಹೋಗಿದೆ. ಸರಿಯಾದ ಅಳತೆ ಐ-ಎನ್‌ಎವಿ ಒಂದೇ.

ಎಸ್‌ಬಿಐ ನಿಫ್ಟಿ 50 ಇಟಿಎಫ್ ಗಾತ್ರದಲ್ಲಿ ಇದಕ್ಕಿಂತ ಬಹಳ ದೊಡ್ಡದು. ಆ ಗಾತ್ರ ನೋಡಿ ಮಾರುಹೋಗಬಾರದು. ನೌಕರರ ಭವಿಷ್ಯನಿಧಿ ಸಂಸ್ಥೆ 2015ರ ಆಗಸ್ಟಿನಿಂದ ಇಟಿಎಫ್‌ಗಳಲ್ಲಿ ಹಣ ಹಾಕುತ್ತಿದೆ. ಎಸ್‌ಬಿಐ ಮತ್ತು ಯುಟಿಐ ಫಂಡ್‌ಗಳ ದೊಡ್ಡ ಮೊತ್ತ ಅದರದ್ದೇ. ಆ ಹಣ ನೇರವಾಗಿ ಫಂಡ್ ಕಂಪನಿಗೆ ಹೋಗುತ್ತದೆ, ಎಕ್ಸ್‌ಚೇಂಜಿನ ಡೆಪ್ತಿನಲ್ಲಿ ಕಾಣಿಸುವುದಿಲ್ಲ. ಗಾತ್ರ ದೊಡ್ಡದಾದರೆ ಫಂಡ್ ಮುಚ್ಚುವ ಭಯ ಇಲ್ಲ, ಟ್ರ್ಯಾಕಿಂಗ್ ಬಿಗಿಯಾಗಿರುತ್ತದೆ. ಆದರೆ ನೀವು ಮಾರಲು ಹೋದ ದಿನ ಎದುರಿಗೆ ಎಷ್ಟು ಮಂದಿ ಇರುತ್ತಾರೆ ಎಂಬುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಾಗೆಂದು ಎಸ್‌ಬಿಐ ಫಂಡ್ ಕೆಟ್ಟದ್ದಲ್ಲ. ಲಿಮಿಟ್ ಆರ್ಡರ್ ಹಾಕಿ ಹತ್ತು ನಿಮಿಷ ಕಾಯುವ ತಾಳ್ಮೆ ಇದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು.

ಐಸಿಐಸಿಐ, ಎಚ್‌ಡಿಎಫ್‌ಸಿ, ಯುಟಿಐ, ಕೋಟಕ್ ಎಲ್ಲರ ಬಳಿಯೂ ನಿಫ್ಟಿ 50 ಇಟಿಎಫ್ ಇದೆ. ದೊಡ್ಡ ಕಂಪನಿಗಳ ವೆಚ್ಚ ಶೇ. 0.02ರಿಂದ 0.07ರೊಳಗೆ ಆಡುತ್ತಿರುತ್ತದೆ. ಲಕ್ಷಕ್ಕೆ ವರ್ಷಕ್ಕೆ 20ರಿಂದ 70 ರೂಪಾಯಿ. ಈ ಐವತ್ತು ರೂಪಾಯಿಗಾಗಿ ಒಂದು ಫಂಡಿನಿಂದ ಇನ್ನೊಂದಕ್ಕೆ ಜಿಗಿಯುವುದರಲ್ಲಿ ಅರ್ಥವಿಲ್ಲ, ಜಿಗಿದಾಗಲೆಲ್ಲ ಲಾಭದ ಮೇಲೆ ತೆರಿಗೆ ಬೀಳುತ್ತದೆ. ಇಂಡೆಕ್ಸ್ ಫಂಡಿನ, ಏಜೆಂಟ್ ಇಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನಿನಲ್ಲಿ ವೆಚ್ಚ ಶೇ. 0.2ರ ಆಸುಪಾಸು ಇದ್ದರೂ ಸ್ಪ್ರೆಡ್ ಇಲ್ಲ, ಡಿಪಿ ಚಾರ್ಜ್ ಇಲ್ಲ, ಮೂರು ಸಾವಿರವನ್ನು ಪೂರ್ತಿ ಮೂರು ಸಾವಿರವಾಗಿಯೇ ಹಾಕಬಹುದು. ಇಟಿಎಫ್‌ನಲ್ಲಿ ಇಡೀ ಯೂನಿಟ್ಟೇ ಕೊಳ್ಳಬೇಕು. ಮೇಲೆ ಹೇಳಿದ ಸಣ್ಣ ಕಂತಿನವರಿಗೆ ಇಂಡೆಕ್ಸ್ ಫಂಡ್ ಎಂದದ್ದು ಇದಕ್ಕೇ.

ಹೆಸರು ನೋಡಿ ಮೋಸ ಹೋಗುವುದೂ ಉಂಟು. ಹುಡುಕಾಟದಲ್ಲಿ ನಿಫ್ಟಿ ಎಂದು ಬರೆದರೆ ನೆಕ್ಸ್ಟ್ 50, ಈಕ್ವಲ್ ವೇಟ್, ವ್ಯಾಲ್ಯೂ 20 ಎಲ್ಲ ಸಾಲಾಗಿ ಬರುತ್ತವೆ. ಸಿಂಬಲ್ಲಿನ ಕೆಳಗೆ ಬರೆದಿರುವ ಇಂಡೆಕ್ಸಿನ ಪೂರ್ಣ ಹೆಸರು ಓದಿ. ಐಎಸ್‌ಐಎನ್ ಸಂಖ್ಯೆ ಐಎನ್‌ಎಫ್ ಎಂದು ಶುರುವಾದರೆ ಅದು ಫಂಡಿನ ಯೂನಿಟ್, ಐಎನ್‌ಇ ಎಂದಿದ್ದರೆ ಕಂಪನಿಯ ಶೇರು.

ಚಿನ್ನ

ಕಾಸರಗೋಡಿನಲ್ಲಿ ಚಿನ್ನ ಅಂದರೆ ಪವನ್ ಲೆಕ್ಕ, ಎಂಟು ಗ್ರಾಂ. ಆಭರಣದಂಗಡಿಯಲ್ಲಿ ಮೊದಲು ಪಣಿಕೂಲಿ (ಮಾಡಿದ ಮಜೂರಿ), ಮೇಲಿಂದ ಶೇ. 3 ಜಿಎಸ್‌ಟಿ. ಮಾರುವ ದಿನ ಎರಡೂ ವಾಪಸ್ಸಿಲ್ಲ. 22 ಕ್ಯಾರಟ್ ಪವನ್ನಿನಲ್ಲಿ ಇರುವ ಶುದ್ಧ ಚಿನ್ನ 7.33 ಗ್ರಾಂ. ಹೂಡಿಕೆ ಎಂದು ಬಳೆ ಮಾಡಿಸುವವರಿಗೆ ಈ ಲೆಕ್ಕ ಗೊತ್ತಿಲ್ಲವೆಂದಲ್ಲ, ಗೊತ್ತಿದ್ದೂ ಮಾಡಿಸುತ್ತಾರೆ. ಅದು ಬೇರೆ ಮಾತು.

ಚಿನ್ನದ ಇಟಿಎಫ್‌ನಲ್ಲಿ ಪಣಿಕೂಲಿಯೂ ಇಲ್ಲ, ಯೂನಿಟ್ ಕೊಳ್ಳುವವನಿಗೆ ಜಿಎಸ್‌ಟಿ ಸೇರಿಸುವುದೂ ಇಲ್ಲ. ಶೇ. 99.5 ಶುದ್ಧತೆಯ ಗಟ್ಟಿ ಫಂಡಿನ ಹೆಸರಿನಲ್ಲಿ ಖಜಾನೆಯಲ್ಲಿರುತ್ತದೆ. ಆದರೆ ಇಲ್ಲಿ ವೆಚ್ಚ ನಿಫ್ಟಿಯ ಹಾಗೆ ಪೈಸೆಗಳದ್ದಲ್ಲ. 2007ರಲ್ಲಿ ಶುರುವಾದ ಗೋಲ್ಡ್ ಬೀಸ್ ವರ್ಷಕ್ಕೆ ಸುಮಾರು ಶೇ. 0.8 ತೆಗೆದುಕೊಳ್ಳುತ್ತದೆ. ಈ ವೆಚ್ಚಕ್ಕೆ ಹಣ ಎಲ್ಲಿಂದ? ಚಿನ್ನಕ್ಕೆ ಡಿವಿಡೆಂಡ್ ಇಲ್ಲವಲ್ಲ. ಒಳಗಿನ ಚಿನ್ನವನ್ನೇ ಸ್ವಲ್ಪ ಸ್ವಲ್ಪ ಮಾರುತ್ತಾರೆ. ಒಂದು ಯೂನಿಟ್ ಅಂದರೆ 0.01 ಗ್ರಾಂ ಎಂದು ಎಲ್ಲ ಕಡೆ ಬರೆದಿರುತ್ತದೆ, ಆದರೆ ವರ್ಷವರ್ಷ ಸವೆದು ಈಗ ಒಳಗಿರುವುದು ಅದಕ್ಕಿಂತ ಸ್ಪಷ್ಟವಾಗಿ ಕಡಿಮೆ. ಒಂದು ಪವನ್ ತೂಕದ ಶುದ್ಧ ಚಿನ್ನಕ್ಕೆ 800 ಯೂನಿಟ್ ಸಾಕು ಎಂದು ಲೆಕ್ಕ ಹಾಕಿದವರಿಗೆ ಮಗಳ ಮದುವೆಯ ಹೊತ್ತಿಗೆ ಕಡಿಮೆ ಬೀಳುತ್ತದೆ. ಪರೀಕ್ಷಿಸುವುದು ಸುಲಭ: ಯೂನಿಟ್ಟಿನ ಎನ್‌ಎವಿಯನ್ನು ಅಂದಿನ ಒಂದು ಗ್ರಾಂ 24 ಕ್ಯಾರಟ್ ಚಿನ್ನದ ದರದಿಂದ, ಜಿಎಸ್‌ಟಿ ಬಿಟ್ಟು, ಭಾಗಿಸಿ. ಬರುವ ಭಾಗಲಬ್ಧವೇ ನಿಮ್ಮ ಯೂನಿಟ್ಟಿನೊಳಗಿನ ಗ್ರಾಂ.

ಆದ್ದರಿಂದ ಚಿನ್ನದಲ್ಲಿ ತೀರ್ಪು ನಿಫ್ಟಿಗೆ ತಿರುಗುಮುರುಗು. ಒಂದೆರಡು ವರ್ಷದೊಳಗೆ ಮಾರುವ ಯೋಚನೆ ಇದ್ದರೆ ವಹಿವಾಟು ತುಂಬಿರುವ ಗೋಲ್ಡ್ ಬೀಸ್. ಹತ್ತು ವರ್ಷ ಮುಟ್ಟದೆ ಇಡುವವರು ಶೇ. 0.5ರ ಆಸುಪಾಸಿನಲ್ಲೋ ಅದಕ್ಕಿಂತ ಕಡಿಮೆಯಲ್ಲೋ ಇರುವ ಇನ್ನೊಂದನ್ನು ಹುಡುಕುವುದು ಸರಿ. ಶೇ. 0.3ರ ಉಳಿತಾಯ ಹತ್ತು ವರ್ಷಕ್ಕೆ ಶೇ. 3 ಆಗುತ್ತದೆ, ಸ್ಪ್ರೆಡ್ಡಿನಲ್ಲಿ ಶೇ. 0.2 ಹೆಚ್ಚು ತೆತ್ತರೂ ನಷ್ಟವಿಲ್ಲ. ಒಡವೆಯೇ ಬೇಕಾದವರಿಗೆ ಇದು ಯಾವುದೂ ಬೇಡ: ಇಟಿಎಫ್ ಮಾರಿ ಒಡವೆ ಕೊಂಡರೂ ಪಣಿಕೂಲಿ, ಜಿಎಸ್‌ಟಿ ಕೊಟ್ಟೇ ಕೊಡಬೇಕು. ತುರ್ತಿಗೆ ಊರಿನ ಸಹಕಾರಿ ಬ್ಯಾಂಕಿನಲ್ಲಿ ಅರ್ಧ ಗಂಟೆಯಲ್ಲಿ ಅಡವಿಟ್ಟು ಹಣ ತರುವ ಸೌಕರ್ಯವೂ ಒಡವೆಗೇ ಇರುವುದು.

ಇನ್ನೊಂದು ಅಪಾಯ ಆಮದು ಸುಂಕ. 2024ರ ಜುಲೈ 23ರ ಬಜೆಟ್ಟಿನಲ್ಲಿ ಚಿನ್ನದ ಸುಂಕ ಶೇ. 15ರಿಂದ 6ಕ್ಕೆ ಇಳಿದಾಗ ಜಗತ್ತಿನ ಮಾರುಕಟ್ಟೆಯಲ್ಲಿ ಏನೂ ಆಗದಿದ್ದರೂ ಇಲ್ಲಿನ ಚಿನ್ನದ ಇಟಿಎಫ್‌ಗಳು ಬಿದ್ದವು. ಯೂನಿಟ್ಟಿನ ಬೆಲೆಯೊಳಗೆ ಡಾಲರ್ ದರ, ಸುಂಕ ಎರಡೂ ಕೂತಿವೆ.

ಬೆಳ್ಳಿಯ ಇಟಿಎಫ್‌ಗಳು 2022ರಲ್ಲಿ ಬಂದವು. 2025ರ ಅಕ್ಟೋಬರಿನಲ್ಲಿ ದೇಶದೊಳಗೆ ಬೆಳ್ಳಿಯೇ ಸಾಕಷ್ಟು ಸಿಗದಾಗ ಅವು ಐ-ಎನ್‌ಎವಿಗಿಂತ ಬಹಳ ಮೇಲೆ ಮಾರಾಟವಾದವು. ಹಲವು ಫಂಡ್ ಕಂಪನಿಗಳು ಇಟಿಎಫ್ ಯೂನಿಟ್ಟನ್ನೇ ಕೊಂಡಿಡುವ ತಮ್ಮ ಬೆಳ್ಳಿ ಫಂಡ್ ಆಫ್ ಫಂಡ್‌ಗಳಿಗೆ ಹೊಸ ಇಡಿಗಂಟು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು. ಮಾರುವವರೇ ಬೇಡ ಎನ್ನುತ್ತಿದ್ದ ವಾರ ಎಕ್ಸ್‌ಚೇಂಜಿನಲ್ಲಿ ಕೊಳ್ಳುವವರ ನೂಕುನುಗ್ಗಲು. ಬೆಳ್ಳಿಯಲ್ಲಿ ಐ-ಎನ್‌ಎವಿ ನೋಡದೆ ಒಂದು ಯೂನಿಟ್ ಕೂಡ ಕೊಳ್ಳಬಾರದು.

ನಾಸ್ಡಾಕ್ 100

ಇಲ್ಲಿ ಸಲಹೆ ನೇರವಾದದ್ದು: ಪ್ರೀಮಿಯಮ್ ಶೇ. 2 ದಾಟಿದ್ದರೆ ಬೇಡ. ಅಮೆರಿಕದ ನಾಸ್ಡಾಕ್ ಪೇಟೆಯ ನೂರು ದೊಡ್ಡ ಕಂಪನಿಗಳ ಬುಟ್ಟಿಯಾದ ಮೋತಿಲಾಲ್ ಓಸ್ವಾಲ್ ನಾಸ್ಡಾಕ್ 100 ಇಟಿಎಫ್ 2011ರಿಂದ ಇದೆ, ಫಂಡಿನಲ್ಲಿ ದೋಷವಿಲ್ಲ. ತೊಡಕು ಇರುವುದು ಸರಬರಾಜಿನಲ್ಲಿ. ದೇಶದ ಎಲ್ಲ ಮ್ಯೂಚುವಲ್ ಫಂಡ್‌ಗಳು ಸೇರಿ ವಿದೇಶಿ ಶೇರುಗಳಲ್ಲಿ 700 ಕೋಟಿ ಡಾಲರ್, ವಿದೇಶಿ ಇಟಿಎಫ್‌ಗಳಲ್ಲಿ ಬೇರೆಯಾಗಿ 100 ಕೋಟಿ ಡಾಲರ್ ಮಾತ್ರ ಹಾಕಬಹುದು ಎಂಬ ಮಿತಿ ಇದೆ. ಮೊದಲನೆಯದು ತುಂಬುತ್ತ ಬಂದು 2022ರ ಫೆಬ್ರವರಿಯಲ್ಲಿ ಹೊಸ ಹಣ ನಿಂತಿತು, ಎರಡನೆಯದಕ್ಕೆ 2024ರ ಏಪ್ರಿಲ್ 1ರಿಂದ ತಡೆ ಬಿತ್ತು. ಮಿತಿ ತುಂಬಿದಾಗ ಮಾರ್ಕೆಟ್ ಮೇಕರಿಗೆ ಹೊಸ ಯೂನಿಟ್ ಮಾಡಿಸಲು ಆಗುವುದಿಲ್ಲ. ಇರುವ ಯೂನಿಟ್ಟಿಗೇ ಎಲ್ಲರೂ ಮುಗಿಬೀಳುತ್ತಾರೆ.

ಐ-ಎನ್‌ಎವಿ 200 ಇದ್ದು 220 ಕೊಟ್ಟು ಕೊಂಡಿರಿ ಎನ್ನೋಣ. ನಾಳೆ ಮಿತಿ ಸಡಿಲಾಗಿ ಪ್ರೀಮಿಯಮ್ ಕರಗಿದರೆ ಅಮೆರಿಕದ ಶೇರು ಒಂದು ಪೈಸೆ ಇಳಿಯದಿದ್ದರೂ ನಿಮ್ಮ ಹಣದಲ್ಲಿ ಶೇ. 9 ಹೋಯಿತು. ಅದಕ್ಕಿಂತ ಸೂಕ್ಷ್ಮವಾದ ತೊಂದರೆ ಒಂದಿದೆ. ನಮ್ಮ ಮಾರ್ಕೆಟ್ ನಡೆಯುವಾಗ ಅಮೆರಿಕದ ಮಾರ್ಕೆಟ್ ಮುಚ್ಚಿರುತ್ತದೆ. ಅಲ್ಲಿ ತೆರೆಯುವುದು ನಮ್ಮ ಸಂಜೆ ಏಳಕ್ಕೆ, ಚಳಿಗಾಲದಲ್ಲಿ ಎಂಟಕ್ಕೆ. ಅಂದರೆ ಇಲ್ಲಿನ ಐ-ಎನ್‌ಎವಿ ನಿನ್ನೆ ರಾತ್ರಿಯ ಬೆಲೆಯನ್ನೇ ಹೊತ್ತಿರುತ್ತದೆ. ಅಲ್ಲಿನ ಮಾರ್ಕೆಟ್ ಮುಚ್ಚಿದಾಗಲೂ ವ್ಯವಹಾರ ನಡೆಯುವ ನಾಸ್ಡಾಕ್ ಫ್ಯೂಚರ್ಸ್ (ಮುಂದಿನ ಬೆಲೆಯ ಒಪ್ಪಂದ) ಶೇ. 1 ಮೇಲಿದ್ದರೆ ಶೇ. 1ರ ಪ್ರೀಮಿಯಮ್ ಸಹಜ. ಅದಕ್ಕಿಂತ ಮೇಲಿನದ್ದು ಮಾತ್ರ ನೀವು ತೆರುವ ದಂಡ. ಕೆಲವೊಮ್ಮೆ ಕಡಿಮೆ ವಹಿವಾಟಿನ ಮಿಡ್‌ಕ್ಯಾಪ್ ಇಟಿಎಫ್ ಐ-ಎನ್‌ಎವಿಗಿಂತ ಕಡಿಮೆಗೆ ಸಿಗುತ್ತದೆ. ಅಗ್ಗ ಎಂದು ಹಿಗ್ಗುವ ಮೊದಲು ಮಾರುವಾಗಲೂ ಅಷ್ಟೇ ಕಡಿಮೆಗೆ ಹೋಗಬಹುದು ಎಂಬುದು ನೆನಪಿರಲಿ.

ಉಳಿದವು

ಜೂನಿಯರ್ ಬೀಸ್ ನಿಫ್ಟಿ ನೆಕ್ಸ್ಟ್ 50ರದ್ದು, ಚೆನ್ನಾಗಿದೆ, ಸ್ಪ್ರೆಡ್ ನಿಫ್ಟಿಗಿಂತ ಅಗಲ. ಮಿಡ್‌ಕ್ಯಾಪ್ 150ರ ಬುಟ್ಟಿಯಲ್ಲಿ 150 ಕಂಪನಿ. ಮಾರ್ಕೆಟ್ ಮೇಕರಿಗೆ ಅಷ್ಟನ್ನೂ ಜೋಡಿಸುವ ಖರ್ಚಿದೆ, ಅದನ್ನು ನಿಮ್ಮಿಂದಲೇ ವಸೂಲಿ ಮಾಡುತ್ತಾನೆ. ಮಿಡ್‌ಕ್ಯಾಪಿಗೆ ಇಂಡೆಕ್ಸ್ ಫಂಡ್ ವಾಸಿ. ಸಿಪಿಎಸ್‌ಇ ಇಟಿಎಫ್, ಭಾರತ್ 22 ಇವೆರಡು ಸರ್ಕಾರ ತನ್ನ ಪಾಲು ಮಾರಲು ಮಾಡಿಕೊಂಡ ಬುಟ್ಟಿಗಳು, 2014 ಮತ್ತು 2017ರವು. ಸಿಪಿಎಸ್‌ಇಯಲ್ಲಿ ವಿದ್ಯುತ್, ತೈಲ, ಕಲ್ಲಿದ್ದಲು, ರಕ್ಷಣಾ ಸಾಮಗ್ರಿ ಬಿಟ್ಟರೆ ಹೆಚ್ಚೇನೂ ಇಲ್ಲ. ಅಗ್ಗದ ವೆಚ್ಚ ನೋಡಿ ಅದನ್ನು ನಿಫ್ಟಿಗೆ ಬದಲಿ ಎಂದು ತಿಳಿಯಬಾರದು. ಮೊಮೆಂಟಮ್, ಆಲ್ಫಾ ಎಂದು ಬರುವ ಹೊಸ ಇಂಡೆಕ್ಸ್‌ಗಳ ಹತ್ತು ವರ್ಷದ ಪಟ್ಟಿಯಲ್ಲಿ ಹೆಚ್ಚಿನ ಭಾಗ ಇಂಡೆಕ್ಸ್ ಹುಟ್ಟುವ ಮೊದಲಿನದ್ದು, ಹಿಂದಕ್ಕೆ ಲೆಕ್ಕ ಹಾಕಿ ಬರೆದದ್ದು. ಇಂಡೆಕ್ಸ್ ಶುರುವಾದ ತಾರೀಕಿನ ನಂತರದ ಅಂಕಿ ಮಾತ್ರ ಓದಿ.

ಸರ್ಕಾರಿ ಕಂಪನಿಗಳ ಸಾಲಪತ್ರಗಳ ಬುಟ್ಟಿಯಾದ ಭಾರತ್ ಬಾಂಡ್ ಇಟಿಎಫ್ 2019ರಲ್ಲಿ ಬಂದಾಗ ಒಳ್ಳೆಯ ಸರಕಾಗಿತ್ತು. 2023ರ ಏಪ್ರಿಲ್ 1ರ ನಂತರ ಕೊಂಡ ಸಾಲಪತ್ರದ ಫಂಡುಗಳಿಗೆ ದೀರ್ಘಾವಧಿಯ ತೆರಿಗೆ ರಿಯಾಯಿತಿ ಹೋಯಿತು, ಈಗ ಲಾಭಕ್ಕೆ ಎಫ್‌ಡಿ ಬಡ್ಡಿಯ ಹಾಗೆ ಸ್ಲ್ಯಾಬಿನಂತೆ ತೆರಿಗೆ. ಅವಧಿ ಮುಗಿಯುವ ತನಕ ಇಡುವವರಿಗೆ ಅಡ್ಡಿಯಿಲ್ಲ. ಅಡಿಕೆಯ ಹಣವನ್ನು ನಾಲ್ಕು ವಾರ ನಿಲ್ಲಿಸಿಡಲು ಲಿಕ್ವಿಡ್ ಇಟಿಎಫ್ (ತೀರಾ ಅಲ್ಪಾವಧಿಯ ಸಾಲಕ್ಕೆ ಹಣ ಕೊಡುವ ಫಂಡ್) ಬಳಸುವವರು, ಗಳಿಕೆ ಯೂನಿಟ್ಟಿನ ಬೆಲೆಯೊಳಗೇ ಸೇರುವ ಗ್ರೋತ್ ಬಗೆಯದನ್ನು ಆರಿಸಿ. ಹಳೆಯ ಲಿಕ್ವಿಡ್ ಬೀಸ್ ದಿನದಿನದ ಡಿವಿಡೆಂಡನ್ನು ಯೂನಿಟ್ಟಿನ ಚೂರುಗಳಾಗಿ ಕೊಡುತ್ತದೆ. ಆ ಚೂರುಗಳನ್ನು ಎಕ್ಸ್‌ಚೇಂಜಿನಲ್ಲಿ ಮಾರಲಾಗದು, ರಿಟರ್ನ್ ತುಂಬುವಾಗ ಮಾತ್ರ ಅವು ಡಿವಿಡೆಂಡ್ ಆದಾಯವಾಗಿ ಎದ್ದು ಬರುತ್ತವೆ.

ಖರ್ಚು, ತೆರಿಗೆ, ಕಾಗದಪತ್ರ

ಕೊಳ್ಳುವಾಗ ಸ್ಟ್ಯಾಂಪ್ ಡ್ಯೂಟಿ ಶೇ. 0.015, ಲಕ್ಷಕ್ಕೆ 15 ರೂಪಾಯಿ. ಮುಂಬೈಯ ಎಕ್ಸ್‌ಚೇಂಜಿನಲ್ಲಿ ಕೊಂಡರೂ ಈ ಹಣ ನಿಮ್ಮ ವಿಳಾಸದ ರಾಜ್ಯಕ್ಕೆ, ಅಂದರೆ ಕೇರಳಕ್ಕೇ ಹೋಗುತ್ತದೆ. ಶೇರು ಇಟಿಎಫ್ ಮಾರುವಾಗ ಶೇರು ವ್ಯವಹಾರದ ತೆರಿಗೆಯಾದ ಎಸ್‌ಟಿಟಿ ಶೇ. 0.001, ಗಣನೆಗೇ ಇಲ್ಲ. ಗಮನಿಸಬೇಕಾದ್ದು ಡಿಪಿ ಚಾರ್ಜ್. ಮಾರಿದ ದಿನ ಒಂದು ಫಂಡಿಗೆ ಒಂದು ಸಲ, ಹಲವು ಬ್ರೋಕರ್‌ಗಳಲ್ಲಿ 13ರಿಂದ 20 ರೂಪಾಯಿಯ ಆಸುಪಾಸು. ಲಕ್ಷ ರೂಪಾಯಿಯದ್ದು ಮಾರಿದರೂ ಅಷ್ಟೇ, ಎರಡು ಸಾವಿರದ್ದು ಮಾರಿದರೂ ಅಷ್ಟೇ. ಎರಡು ಸಾವಿರಕ್ಕೆ 15 ಅಂದರೆ ಶೇ. 0.75, ಮೂಗಿಗಿಂತ ಮೂಗುತಿ ಭಾರ. ಮಾರುವುದನ್ನು ಒಂದೇ ದಿನ ಒಟ್ಟಿಗೆ ಮಾರಿ.

ಡಿಮ್ಯಾಟ್ ವಾರ್ಷಿಕ ಶುಲ್ಕ ತಪ್ಪಿಸಲು ಸಣ್ಣ ಹೂಡಿಕೆದಾರರಿಗೆಂದೇ ಇರುವ ಬಿಎಸ್‌ಡಿಎ ಬಗೆಯ ಖಾತೆ ಕೇಳಿ. 2024ರ ಸೆಪ್ಟೆಂಬರ್ 1ರಿಂದ ಖಾತೆಯಲ್ಲಿರುವುದರ ಮೌಲ್ಯ ನಾಲ್ಕು ಲಕ್ಷದ ತನಕ ಇದ್ದರೆ ಶುಲ್ಕ ಇಲ್ಲ, ನಾಲ್ಕರಿಂದ ಹತ್ತು ಲಕ್ಷಕ್ಕೆ ವರ್ಷಕ್ಕೆ 100 ರೂಪಾಯಿ. ಒಬ್ಬರಿಗೆ ಒಂದೇ ಡಿಮ್ಯಾಟ್ ಇದ್ದರೆ ಮಾತ್ರ ಇದು ಸಿಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಕೆವೈಸಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ. ಪ್ಯಾನ್ ಕಾರ್ಡಿನಲ್ಲಿ ಇನಿಶಿಯಲ್ ಬಿಡಿಸಿ ತಂದೆಯ ಹೆಸರೋ ಮನೆಯ ಹೆಸರೋ ಸೇರಿರುತ್ತದೆ, ಆಧಾರಿನಲ್ಲಿ ಬರೀ ಇನಿಶಿಯಲ್. ಭಟ್ ಒಂದರಲ್ಲಿ ಒಂದು ಟಿ, ಇನ್ನೊಂದರಲ್ಲಿ ಎರಡು ಟಿ. ಖಾತೆ ತೆರೆಯುವ ಮೊದಲೇ ಅಕ್ಷಯ ಕೇಂದ್ರದಲ್ಲಿ ಆಧಾರಿನ ಹೆಸರನ್ನು ಪ್ಯಾನಿನಂತೆ ಮಾಡಿಸಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಅದೇ ಇರಲಿ. ಗಲ್ಫಿಗೆ ಕೆಲಸಕ್ಕೆ ಹೋದವರು ಹಳೆಯ ಖಾತೆಯಲ್ಲೇ ಮುಂದುವರಿಯುವಂತಿಲ್ಲ. ಎನ್‌ಆರ್‌ಐ (ಅನಿವಾಸಿ) ಆದ ಮೇಲೆ ಬ್ಯಾಂಕ್ ಖಾತೆ ಅನಿವಾಸಿಗಳಿಗೆಂದಿರುವ ಎನ್‌ಆರ್‌ಒ ಆಗಬೇಕು, ಡಿಮ್ಯಾಟ್ ಕೂಡ ಅದಕ್ಕೆ ತಕ್ಕಂತೆ ಬದಲಾಗಬೇಕು. ಮಾರಿದಾಗ ಲಾಭದ ಮೇಲೆ ಟಿಡಿಎಸ್ ಹಿಡಿಯುತ್ತಾರೆ.

ತೆರಿಗೆಯಲ್ಲಿ ಶೇರು ಇಟಿಎಫ್ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಲಾಭದ ಮೇಲೆ ಶೇ. 12.5, ಅದೂ ವರ್ಷಕ್ಕೆ 1.25 ಲಕ್ಷ ಲಾಭ ದಾಟಿದ ಮೇಲೆ. ಅದರೊಳಗೆ ಮಾರಿದರೆ ಶೇ. 20. ಚಿನ್ನದ ಇಟಿಎಫ್‌ಗೂ 12 ತಿಂಗಳ ನಂತರ ಶೇ. 12.5, ಆದರೆ 1.25 ಲಕ್ಷದ ವಿನಾಯಿತಿ ಇಲ್ಲ; ಮೊದಲೇ ಮಾರಿದರೆ ನಿಮ್ಮ ಸ್ಲ್ಯಾಬ್. ಚಿನ್ನದ ಫಂಡ್ ಆಫ್ ಫಂಡಿಗೆ ಮಾತ್ರ 24 ತಿಂಗಳು ಕಾಯಬೇಕು. ನಾಸ್ಡಾಕ್ ಇಟಿಎಫ್ ಹೆಸರಿಗೆ ಶೇರಿನದ್ದಾದರೂ ಭಾರತದ ಶೇರು ಅಲ್ಲವಾದ್ದರಿಂದ ಚಿನ್ನದ ಸಾಲಿಗೇ ಸೇರುತ್ತದೆ.

ಆ 1.25 ಲಕ್ಷದ ವಿನಾಯಿತಿ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. ನಿಫ್ಟಿ ಇಟಿಎಫ್‌ನಲ್ಲಿ ವರ್ಷ ದಾಟಿದ ಲಾಭ ಇರುವವರು ಮಾರ್ಚ್ ಮೂರನೇ ವಾರದಲ್ಲಿ ಅಷ್ಟು ಲಾಭದ ಯೂನಿಟ್ ಮಾರಿ, ಹಣ ಬಂದ ಮೇಲೆ ಮತ್ತೆ ಕೊಳ್ಳಬಹುದು. ಸೆಟಲ್‌ಮೆಂಟ್ ಮರುದಿನವೇ ಆಗುತ್ತದೆ. ಅದೇ ದಿನ ಅದೇ ಖಾತೆಯಲ್ಲಿ ವಾಪಸ್ ಕೊಂಡರೆ ಅದು ಇಂಟ್ರಾಡೇ ಎಂದು ಲೆಕ್ಕವಾಗುತ್ತದೆ, ಯೂನಿಟ್ ಖಾತೆಯಿಂದ ಹೊರಗೇ ಹೋಗುವುದಿಲ್ಲ, ವಿನಾಯಿತಿಯೂ ಸಿಗುವುದಿಲ್ಲ. ಒಂದು ದಿನ ಬಿಟ್ಟು ಕೊಳ್ಳಿ, ಇಲ್ಲವೇ ಅದೇ ದಿನ ಇನ್ನೊಂದು ಕಂಪನಿಯ ನಿಫ್ಟಿ ಇಟಿಎಫ್ ಕೊಳ್ಳಿ.